ಮಿಷನ್ ಅಕ್ಕನ ಅಳತೆ

ಊರಿನ ಅರ್ಧ ಜನ ಮೆತ್ತಗೆ ಕೂರುವುದು ಈ ಹೆಂಗಸಿನ ದಯೆಯಿಂದ. ಅವಳು ಕೂರುವುದು ಮಾತ್ರ ಬಣ್ಣದ ಡಬ್ಬದ ಮೇಲೆ.

ಬೋರಲು ಹಾಕಿದ ತಗಡಿನ ಡಬ್ಬ, ಅದರ ಮೇಲೊಂದು ಹಲಗೆ ತುಂಡು, ಹಲಗೆಯ ಮೇಲೆ ಮಡಚಿ ಹಾಕಿದ ಗೋಣಿಚೀಲ. ಎದುರಿಗೆ ದಪ್ಪ ರೆಕ್ಸಿನ್ನು, ಚರ್ಮ ಎಲ್ಲವನ್ನೂ ಹೊಲಿಯುವ ಭಾರದ ಮಿಷನ್ನು. ಗಂಡನ ಕುಷನ್ ಅಂಗಡಿಯ ಹಿಂಭಾಗದಲ್ಲಿ, ಪರದೆಯ ಆಚೆಗೆ, ಅವಳ ಜಾಗ. ಅದರ ಹಿಂದೆಯೇ ಮನೆ. ಬಸ್ಸಿನ ಸೀಟು, ಲಾರಿಯ ಸೀಟು, ಕ್ಷೌರದ ಅಂಗಡಿಯ ಕುರ್ಚಿ, ಬ್ಯಾಂಕಿನ ಮ್ಯಾನೇಜರು ಗಿರಗಿರ ತಿರುಗುವ ಕುರ್ಚಿ, ಎಲ್ಲದರ ಮೇಲುಹೊದಿಕೆಯೂ ಆ ಮಿಷನ್ನಿನಿಂದಲೇ ಹೊರಗೆ ಬಂದದ್ದು. ಬೀದಿಯವರೆಲ್ಲ ಅವಳನ್ನು ಮಿಷನ್ ಅಕ್ಕ ಎನ್ನುತ್ತಾರೆ. ಹುಟ್ಟಿದಾಗ ಇಟ್ಟ ಹೆಸರನ್ನು ಅವಳೇ ಮರೆತಿದ್ದಾಳೋ ಏನೋ, ಆ ಹೆಸರಿನಿಂದ ಯಾರಾದರೂ ಕೂಗಿದರೆ ಪಕ್ಕದ ಮನೆಯವಳನ್ನು ಕರೆದರು ಅಂದುಕೊಳ್ಳುತ್ತಾಳೆ.

ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಗಂಡನ ಹತ್ತಿರ ಒಂದು ಕುರ್ಚಿ ಕೇಳಿದ್ದಳು. ಮಿಷನ್ನಿನ ಮುಂದೆ ಕೂರುವುದಕ್ಕೆ, ಬೆನ್ನಿಗೆ ಆನಿಕೆ ಇರುವಂಥದ್ದು. "ನಾಳೆ ಮಾಡ್ಕೊಡ್ತೀನಿ" ಅಂದಿದ್ದ. ಆ ನಾಳೆಗೆ ಈಗ ಮದುವೆಯ ವಯಸ್ಸು. ಅಷ್ಟರೊಳಗೆ ಅಕ್ಕನ ಸೊಂಟದ ಎಡಗಡೆಯಲ್ಲಿ ಒಂದು ನೋವು ಬಂದು, ಬಾಡಿಗೆ ಕೊಡದೆ ಅಲ್ಲೇ ಮನೆ ಮಾಡಿಕೊಂಡಿತು. ಡಬ್ಬದಿಂದ ಏಳಬೇಕಾದರೆ ಒಂದು ಕೈ ಮಿಷನ್ನಿನ ಮೇಲೆ, ಒಂದು ಕೈ ಗೋಡೆಯ ಮೇಲೆ. ಗೋಡೆಯಲ್ಲಿ ಆ ಕೈ ತಾಗುವ ಜಾಗದ ಸುಣ್ಣ ಸವೆದು ಇಟ್ಟಿಗೆ ಕಾಣುತ್ತದೆ.

ಗಂಡ ಅಂದರೆ ಕುಷನ್ ಮೇಸ್ತ್ರಿ. ಕೆಲಸಗಾರನೇ, ಇಲ್ಲ ಎನ್ನುವಂತಿಲ್ಲ. ಆದರೆ ಆ ಮನುಷ್ಯನಿಗೆ ಎರಡು ನಾಲಿಗೆ. ಒಂದು ಪರದೆಯ ಈಚೆಗೆ, ಇನ್ನೊಂದು ಆಚೆಗೆ. ಸೀಟು ಕುಸಿದದ್ದು ಗಿರಾಕಿಯ ತೂಕಕ್ಕೆ ಎಂದು ಅವನು ಜನ್ಮದಲ್ಲಿ ಹೇಳಿದವನಲ್ಲ. ಎಲ್ಲದಕ್ಕೂ ಬಿಸಿಲೇ ಕಾರಣ. "ಬಿಸಿಲು ಸಾರ್, ಫೋಮನ್ನ ಒಳಗಿಂದ ತಿಂದುಬಿಡುತ್ತೆ" ಎನ್ನುತ್ತಾನೆ. ನೆಲಮಾಳಿಗೆಯಲ್ಲಿ ನಿಲ್ಲಿಸುವ ಗಾಡಿಗೂ ಬಿಸಿಲು. ರಾತ್ರಿ ಪಾಳಿಯ ಕಾವಲುಗಾರ ತಂದ ಕುರ್ಚಿಗೂ ಬಿಸಿಲು. ಗಿರಾಕಿ ಒಂದು ಸಲ ತನ್ನ ಹೊಟ್ಟೆ ನೋಡಿಕೊಂಡು, ಒಂದು ಸಲ ಆಕಾಶ ನೋಡಿ, ಸಮಾಧಾನ ಮಾಡಿಕೊಂಡು ಹೋಗುತ್ತಾನೆ. ಇಷ್ಟೊಂದು ಬೆಣ್ಣೆ ಹಚ್ಚಿದ ಮೇಲೆ ಮನೆಗೆ ಉಳಿಯುವುದು ತಳದ ಸೀಕಲು ಮಾತ್ರ. ಅದೇ ಮೇಸ್ತ್ರಿ ಪರದೆ ಸರಿಸಿ ಒಳಗೆ ಬಂದು ಹೆಂಡತಿಗೆ, "ಸ್ವಲ್ಪ ಸರಿಯೇ, ಬಾಗಿಲನ್ನೆಲ್ಲಾ ನೀನೇ ತುಂಬ್ಕೊಂಡಿದ್ದೀಯ" ಎನ್ನುತ್ತಾನೆ. ಅಲ್ಲಿ ಬಿಸಿಲಿನ ಮಾತಿಲ್ಲ.

ಅವನ ಕೊರಳಿನಲ್ಲಿ ಯಾವಾಗಲೂ ಒಂದು ಅಳತೆ ಟೇಪು ನೇತಾಡುತ್ತದೆ. ಅದನ್ನು ಸೀಟಿಗೆ ಹಿಡಿಯುತ್ತಾನೆ, ಬಟ್ಟೆಗೆ ಹಿಡಿಯುತ್ತಾನೆ, ಗಿರಾಕಿಯ ಮೈಗೆ ಮಾತ್ರ ಹಿಡಿಯುವುದಿಲ್ಲ. ಹಿಂದೊಮ್ಮೆ ಬಟ್ಟೆ ಅಂಗಡಿಯ ಯಜಮಾನರು ಗಲ್ಲಾದ ಕುರ್ಚಿಗೆ ಕುಷನ್ ಹಾಕಿಸಲು ಬಂದಾಗ ಅವರ ಸೊಂಟ ಅಳೆದು, ಮರೆಯಬಾರದೆಂದು ಅಂಕಿಯನ್ನು ಗಟ್ಟಿಯಾಗಿ ಕೂಗಿಬಿಟ್ಟಿದ್ದ. ಬೀದಿಗೆ ಬೀದಿಯೇ ತಿರುಗಿ ನೋಡಿತು. ಯಜಮಾನರು ಕುರ್ಚಿಯನ್ನು ಎತ್ತಿಕೊಂಡು ಹೋದವರು ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅವತ್ತಿನಿಂದ ಮೇಸ್ತ್ರಿಯದು ಕಣ್ಣಳತೆ. ಗಿರಾಕಿ ಗಾಡಿಯಿಂದ ಇಳಿಯುವಾಗ ಒಂದು ಸಲ ನೋಡಿದರೆ ಸಾಕಂತೆ, ಸೊಂಟ, ಬೆನ್ನು, ತೊಡೆ ಎಲ್ಲ ತಲೆಯೊಳಗೆ ಇಳಿಯುತ್ತದಂತೆ. ಹೇಳಿಕೊಳ್ಳುವುದಕ್ಕೆ ಏನು ಕಷ್ಟ.

ಹೀಗಿರುವಾಗ ಒಂದು ದಿನ ಅಂಗಡಿಯ ಮುಂದೆ ಮೊಣಕಾಲೆತ್ತರದ ಒಂದು ಕೆಂಪು ಕಾರು ಬಂದು ನಿಂತಿತು. ಇಬ್ಬರಿಗೆ ಮಾತ್ರ ಜಾಗ ಇರುವ, ರೇಸಿನಲ್ಲಿ ಓಡುವಂಥ ಹಳೆಯ ಕಾರು. ಓಡಿಸಿಕೊಂಡು ಬಂದವರು ಊರಿನ ಹಲ್ಲಿನ ಡಾಕ್ಟರು. ಅವರು ಅದರೊಳಗಿನಿಂದ ಹೊರಗೆ ಬರುವುದನ್ನು ನೋಡಲು ಪಕ್ಕದ ಪಂಕ್ಚರ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಗೆ ಬಿಟ್ಟು ಎದ್ದು ನಿಂತ. ಮೊದಲು ಒಂದು ಬೂಟು ಬಂತು. ಆಮೇಲೆ ಹೊಟ್ಟೆ ಬಂತು. ಆಮೇಲೆ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಕೊನೆಗೆ ಬಾಗಿಲ ಕಡೆಯ ಸೀಟಿನ ಅಂಚಿನ ಮೇಲೆ ಅಂಗೈ ಊರಿ, ಇಡೀ ಭಾರವನ್ನು ಅದರ ಮೇಲೆ ಹೇರಿ, ನರಳುತ್ತಾ ಡಾಕ್ಟರು ಬಂದರು.

ಈ ಜಾತಿಯ ಕಾರುಗಳ ಸೀಟಿಗೆ ಎರಡೂ ಕಡೆ ಎತ್ತರದ ದಿಂಬು ಇರುತ್ತದೆ, ತಿರುವಿನಲ್ಲಿ ಮೈ ಆಚೀಚೆ ಜಾರದಿರಲಿ ಎಂದು. ಡಾಕ್ಟರ ಸೀಟಿನಲ್ಲಿ ಬಾಗಿಲ ಕಡೆಯ ದಿಂಬು ಸತ್ತೇಹೋಗಿತ್ತು. ಚರ್ಮ ಬಿರಿದು, ಅಂಚಿನ ತಂತಿ ಹೊರಗೆ ಬಂದು, ಒಳಗಿನ ಫೋಮು ಹಳದಿ ಹಿಟ್ಟಾಗಿ ಉದುರುತ್ತಿತ್ತು.

"ಏನಾಗಿದೆ ಮೇಸ್ತ್ರಿ ಇದಕ್ಕೆ?" ಎಂದು ಕೇಳಿದರು ಡಾಕ್ಟರು.

"ಬಿಸಿಲು ಸಾರ್" ಅಂದ ಮೇಸ್ತ್ರಿ.

"ನಾನೂ ಅದೇ ಅಂದ್ಕೊಂಡೆ" ಅಂದರು ಡಾಕ್ಟರು, ಸಂತೋಷದಿಂದ. ಪಂಕ್ಚರ್ ಅಂಗಡಿಯವನು ಮುಖವನ್ನು ತೊಟ್ಟಿಯ ಕಡೆ ತಿರುಗಿಸಿಕೊಂಡ.

ಡಾಕ್ಟರಿಗೆ ಬೇಕಾಗಿದ್ದದ್ದು ಇಷ್ಟು. ಇಂಥ ಕಾರು ಇಟ್ಟುಕೊಂಡವರದ್ದೇ ಒಂದು ಸಂಘ ಇದೆ, ಅವರೆಲ್ಲ ಸಾಲಾಗಿ ಬೆಟ್ಟದ ರಸ್ತೆಯಲ್ಲಿ ಹೋಗಿಬರುವ ಕಾರ್ಯಕ್ರಮ ಹತ್ತಿರ ಬಂದಿದೆ, ಸಾಲಿನ ಮುಂದಿನ ಕಾರು ಇವರದ್ದು. ಸೀಟು ನೋಡಿದರೆ ಹೊಸದು ಅನ್ನಿಸಬೇಕು, ಕೂತರೆ ತನ್ನ ಬೆನ್ನಿಗೇ ಹುಟ್ಟಿದ್ದು ಅನ್ನಿಸಬೇಕು. ಈಗ ಒಂದಷ್ಟು ಹೊತ್ತು ಓಡಿಸಿದರೆ ಸೊಂಟ ಹಿಡಿದುಕೊಳ್ಳುತ್ತದೆ.

"ಅಳತೆ ತಗೊಳ್ತೀರಾ?" ಎಂದು ಡಾಕ್ಟರೇ ಕೇಳಿದರು, ಹೊಟ್ಟೆಯನ್ನು ಒಳಗೆಳೆದುಕೊಂಡು.

"ನಿಮ್ಮಂಥವರಿಗೆ ಟೇಪ್ ಯಾಕೆ ಸಾರ್. ಆಗಲೇ ನೋಡಿಕೊಂಡೆ" ಅಂದ ಮೇಸ್ತ್ರಿ. ಡಾಕ್ಟರು ಹೊಟ್ಟೆಯನ್ನು ಅದರ ಜಾಗಕ್ಕೆ ಬಿಟ್ಟರು.

ಪರದೆಯ ಸಂದಿಯಿಂದ ಅಕ್ಕನೂ ನೋಡಿದ್ದಳು. ಹೊದಿಕೆ ಹೊಲಿಯುವವಳು, ಯಾವ ಬಟ್ಟೆಯ ಒಳಗೆ ಏನಿದೆ, ಎಷ್ಟಿದೆ ಎಂದು ತಿಳಿಯದವಳಲ್ಲ. ಡಾಕ್ಟರ ಭಾರವೆಲ್ಲ ಮುಂದೆ. ಹಿಂದೆ ಏನೂ ಇಲ್ಲ. ಬೆಲ್ಟಿನ ಕೆಳಗೆ ಪ್ಯಾಂಟು ಒಣಹಾಕಿದ ಹಾಗೆ ಜೋತಾಡುತ್ತಿತ್ತು. ಆದರೆ ಅವಳನ್ನು ಯಾರು ಕೇಳುತ್ತಾರೆ.

ಡಾಕ್ಟರು ಕಾರು ಬಿಟ್ಟು ನಡೆದುಹೋದರು. ಮೇಸ್ತ್ರಿ ಬೋಲ್ಟು ಬಿಚ್ಚಿ ಸೀಟನ್ನು ಒಳಗೆ ತಂದ, ಹಿಂಬದಿಯಲ್ಲಿ ಹೊದಿಕೆ ಬಿಗಿದಿದ್ದ ತಂತಿಯ ಉಂಗುರಗಳನ್ನು ಕಟರಿನಿಂದ ಕತ್ತರಿಸಿ ಚರ್ಮವನ್ನು ಸುಲಿದ. ಸೀಟಿನ ಒಳಗೆ ಗಿರಾಕಿಯ ಗುಟ್ಟುಗಳಿರುತ್ತವೆ. ಡಾಕ್ಟರ ಸೀಟಿನ ಸಂದಿಯಿಂದ ಮಿಠಾಯಿ ಸುತ್ತಿದ ಕಾಗದಗಳು ಬಂದವು, ಒಂದಲ್ಲ ಎರಡಲ್ಲ, ಹಿಡಿ ಹಿಡಿಯಾಗಿ. ಸಿಹಿ ತಿನ್ನಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿ, ಹಲ್ಲು ಕಿತ್ತು ಕೈಗೆ ಕೊಡುವವರು ಕಾರಿನೊಳಗೆ ಗಾಜು ಏರಿಸಿಕೊಂಡು ಮಾಡುತ್ತಿದ್ದ ಕೆಲಸ ಇದು. ಅಕ್ಕ ನಕ್ಕಳು. ಮೇಸ್ತ್ರಿ ನಗಲಿಲ್ಲ. ಗಿರಾಕಿಯ ಬೆನ್ನ ಹಿಂದೆಯೂ ಗಿರಾಕಿಯನ್ನು ನೋಡಿ ನಗಬಾರದು ಎನ್ನುವುದು ಅವನ ನೇಮ. ಕಾಗದಗಳನ್ನು ಒಂದು ಚೀಲಕ್ಕೆ ತುಂಬಿ ಒಲೆಯ ಕಡೆ ತಳ್ಳಿದ.

ಆಮೇಲೆ ಅವನು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ. ಎಷ್ಟೋ ವರ್ಷದ ಮೇಲೆ ಗಂಡ ಹಾಗೆ ನೋಡಿದನಲ್ಲ ಎಂದು ಅಕ್ಕ ಸೆರಗು ಸರಿಮಾಡಿಕೊಂಡಳು.

"ನೀನು ಅವರಷ್ಟೇ ಇದ್ದೀಯ. ನಿನ್ನನ್ನೇ ಕೂರಿಸಿ ಅಳತೆ ಕೂಡಿಸ್ತೀನಿ" ಅಂದ.

ಸೀಟನ್ನು ಕಾರಿನಲ್ಲಿ ಇರುವ ಓರೆಗೆ ಸರಿಯಾಗಿ ಇಟ್ಟಿಗೆಗಳ ಮೇಲೆ ನಿಲ್ಲಿಸಿದ. ಸತ್ತ ಫೋಮನ್ನು ಕೊಯ್ದು ತೆಗೆದು, ಪಕ್ಕಕ್ಕೆ ಗಟ್ಟಿ ಫೋಮು, ಮೇಲಕ್ಕೆ ಮೆತ್ತನೆಯದು ಅಂಟಿಸಿದ. ಅಕ್ಕನನ್ನು ಅದರಲ್ಲಿ ಕೂರಿಸಿ, ಕಾಲು ಮುಂದಕ್ಕೆ ಚಾಚಿಸಿ, ಕೈಗೆ ಅಡುಗೆಮನೆಯ ಒಂದು ತಟ್ಟೆ ಕೊಟ್ಟ. "ಸ್ಟಿಯರಿಂಗ್ ಅಂದ್ಕೊ" ಅಂದ. ಅಕ್ಕ ತಟ್ಟೆ ಹಿಡಿದುಕೊಂಡು ಗೋಡೆಯ ಕಡೆಗೆ ಕಾರು ಓಡಿಸುತ್ತಾ ಕೂತಳು.

ಮೇಸ್ತ್ರಿ ಸೀಮೆಸುಣ್ಣ ಹಿಡಿದು ಪಕ್ಕದಲ್ಲಿ ಮಂಡಿಯೂರಿ, ಅವಳ ಸೊಂಟದ ಹಿಂದೆ ಅಂಗೈ ತೂರಿಸಿ ಒತ್ತಿ ನೋಡಿದ.

"ಇಲ್ಲಿ ನೋವಾಗುತ್ತಾ?" ಎಂದು ಕೇಳಿದ.

ಅಕ್ಕ ತಟ್ಟೆ ತಿರುಗಿಸುವುದನ್ನು ನಿಲ್ಲಿಸಿದಳು. ಸಂಸಾರ ಮಾಡಿದ ಇಷ್ಟು ಕಾಲದಲ್ಲಿ ಆ ಮನುಷ್ಯ ಅವಳನ್ನು ಊಟ ಆಯ್ತಾ ಅಂತ ಕೇಳಿದ್ದಾನೆ, ಹೊಲಿದಾಯ್ತಾ ಅಂತ ಕೇಳಿದ್ದಾನೆ, ದಾರ ಇದ್ಯಾ ಅಂತ ಕೇಳಿದ್ದಾನೆ. ನೋವಾಗುತ್ತಾ ಅಂತ ಕೇಳಿದ್ದು ಇದೇ ಮೊದಲು.

"ಸ್ವಲ್ಪ ಎಡಗಡೆ" ಅಂದಳು.

ಮೇಸ್ತ್ರಿ ಎಡಗಡೆ ಗುರುತು ಹಾಕಿ, ಉದ್ದ ಚಾಕುವಿನಿಂದ ಸಿಪ್ಪೆಯಷ್ಟು ತೆಳ್ಳಗೆ ಫೋಮು ಸವರಿ, ಮತ್ತೆ ಕೂರಿಸಿದ. "ಈಗ?" "ಇನ್ನೊಂದು ಸ್ವಲ್ಪ." ಮತ್ತೆ ಸವರಿದ. "ತೊಡೆ ಕೆಳಗೆ ಒತ್ತುತ್ತಾ?" "ಒತ್ತುತ್ತೆ." ಅಲ್ಲಿಯೂ ಸವರಿದ. ಸೊಂಟದ ಹಿಂದಿನ ಗುಳಿಯ ಜಾಗಕ್ಕೆ ಒಂದು ಸಣ್ಣ ತುಂಡು ಅಂಟಿಸಿ, "ಹಿತವಾಗಿದ್ಯಾ?" ಅಂದ. ಆ ಪದ ಅವನ ಬಾಯಲ್ಲಿ ಇತ್ತೆಂದೇ ಅಕ್ಕನಿಗೆ ಗೊತ್ತಿರಲಿಲ್ಲ.

ಆ ಪ್ರಶ್ನೆಯೆಲ್ಲ ತನ್ನ ಬೆನ್ನಿಗೆ ಕೇಳಿದ್ದಲ್ಲ, ತನ್ನ ಬೆನ್ನಿನ ಮೂಲಕ ಡಾಕ್ಟರ ಬೆನ್ನಿಗೆ ಕೇಳಿದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಸಿಟ್ಟಿನ ಭರದಲ್ಲಿ ನಿಜ ಹೇಳಿಬಿಟ್ಟಳು.

"ರೀ, ನನ್ನ ಅಳತೆ ಡಾಕ್ಟ್ರಿಗೆ ಆಗಲ್ಲ ಕಣ್ರೀ. ನಂದು ಹಿಂದೆ ಇದೆ, ಅವರದು ಮುಂದೆ ಇದೆ."

ಮೇಸ್ತ್ರಿಗೆ ಎಲ್ಲಿಲ್ಲದ ಕೋಪ ಬಂತು. "ಗಿರಾಕಿ ಹಿಂದೆ ಮುಂದೆ ನೋಡೋದೇ ಕೆಲಸವಾ ನಿಂಗೆ? ಅಳತೆ ನನ್ನ ಕಣ್ಣಲ್ಲಿದೆ. ಕೂತ್ಕೊ ಅಂದ್ರೆ ಕೂತ್ಕೊ."

ಅಕ್ಕ ಕೂತುಕೊಂಡಳು.

ಎರಡನೇ ಸಲ ಹೇಳಬಹುದಿತ್ತು. ಕೆಲಸ ಆಮೇಲೂ ಕೆಲವು ದಿನ ನಡೆಯಿತು, ಹೇಳುವುದಕ್ಕೆ ಬೇಕಾದಷ್ಟು ಸಮಯ ಇತ್ತು. ಹೇಳಲಿಲ್ಲ. ಅವಳ ಮೇಲೆ ತಪ್ಪು ಹೊರಿಸುವವರು ಮೊದಲು ಆ ಡಬ್ಬದ ಮೇಲೆ ಒಂದು ಮಧ್ಯಾಹ್ನ ಕೂತು ಬರಲಿ, ಆಮೇಲೆ ಮಾತಾಡೋಣ. ಅವಳು ದಿನವೂ ಬೇಗಬೇಗ ಪಾತ್ರೆ ತೊಳೆದು, ತಲೆ ಬಾಚಿಕೊಂಡು, ತಟ್ಟೆ ಹಿಡಿದು ಬಂದು ಕೂರುತ್ತಿದ್ದಳು. ಮೇಸ್ತ್ರಿ ಒತ್ತುತ್ತಿದ್ದ, ಕೇಳುತ್ತಿದ್ದ, ಸವರುತ್ತಿದ್ದ. ಮೊದಮೊದಲು ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದವಳಿಗೆ ಬರಬರುತ್ತಾ ಬಾಯಿ ಬಂತು. ಬೆಳಿಗ್ಗೆ ಎದ್ದಾಗ ಎಲ್ಲಿ ಹಿಡಿಯುತ್ತದೆ, ನೀರಿನ ಕೊಡ ಎತ್ತುವಾಗ ಎಲ್ಲಿ ಚುಚ್ಚುತ್ತದೆ, ಕಾಲಿನ ಯಾವ ಬೆರಳಿನ ತನಕ ಇಳಿಯುತ್ತದೆ, ಒಂದೂ ಬಿಡದೆ ಹೇಳಿದಳು. ಮೇಸ್ತ್ರಿ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡು, "ಡಾಕ್ಟ್ರಿಗೂ ಹಂಗೇ ಆಗ್ತಿರುತ್ತೆ ಪಾಪ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಫೋಮು ಕೂಡಿ ಬಂತು. ಅಕ್ಕ ಕೂತಳು. ಸೀಟು ಎಲ್ಲಿಯೂ ಒತ್ತಲಿಲ್ಲ, ಎಲ್ಲಿಯೂ ಕೈಬಿಡಲಿಲ್ಲ. ಸೊಂಟದ ಎಡಗಡೆಯ ಆ ನೋವು ಇತ್ತೋ ಇಲ್ಲವೋ ಎಂದು ಹುಡುಕಬೇಕಾಯಿತು. ಮೇಸ್ತ್ರಿ ಬಾಗಿಲಿಗೆ ಯಾರೋ ಬಂದರೆಂದು ಹೊರಗೆ ಹೋಗಿದ್ದ. ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ನೋವಿಲ್ಲದಿರುವಾಗ ಅಳುವುದು ಅವಳಿಗೆ ಹೊಸದು, ಹೇಗೆ ನಿಲ್ಲಿಸಬೇಕೆಂದು ಗೊತ್ತಾಗಲಿಲ್ಲ. ಕೊನೆಗೆ ಮೇಸ್ತ್ರಿಯ ಚಪ್ಪಲಿಯ ಸದ್ದು ಕೇಳಿ ಮುಖ ಒರೆಸಿಕೊಂಡು ಎದ್ದಳು. ಗೋಡೆ ಹಿಡಿಯದೆಯೇ ಎದ್ದಳು.

ಎದ್ದು ಹೋಗಿ ಕೂತದ್ದು ಮತ್ತೆ ಡಬ್ಬದ ಮೇಲೆ. ಹೊದಿಕೆ ಹೊಲಿಯಬೇಕಲ್ಲ. ಡಬ್ಬ ಹಿಂದೆ ಹೇಗಿತ್ತೋ ಹಾಗೇ ಇತ್ತು, ಆದರೆ ಈಗ ಅದರ ಒಂದೊಂದು ಅಂಚೂ ಅವಳಿಗೆ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಸುಖ ಅಂದರೆ ಏನೆಂದು ಗೊತ್ತಿಲ್ಲದಿದ್ದಾಗ ಆ ಡಬ್ಬವೂ ಒಂದು ಕುರ್ಚಿಯೇ ಆಗಿತ್ತು. ಕಪ್ಪು ಚರ್ಮದ ತುಂಡುಗಳಿಗೆ ಕೆಂಪು ದಾರದ ಜೋಡಿ ಹೊಲಿಗೆ ಹಾಕುತ್ತಾ, ತನ್ನ ಬೆನ್ನಿಗೆಂದೇ ಹುಟ್ಟಿದ ಸೀಟನ್ನು ಬೇರೊಬ್ಬನ ಕಾರಿಗೆ ಕಳಿಸಲು ತಾನೇ ಬಟ್ಟೆ ತೊಡಿಸಿದಳು. ಹೊಲಿಗೆ ಎಂದಿನಂತೆ ದಾರ ಎಳೆದ ಹಾಗೆ ನೇರವಾಗಿ ಬಂತು. ಅದರಲ್ಲಿ ಮೋಸ ಮಾಡುವುದು ಅವಳಿಗೆ ತಿಳಿಯದು.

ಡಾಕ್ಟರು ಬಂದ ದಿನ ಸೀಟು ಕಾರಿನಲ್ಲಿ ಕೂತಿತ್ತು. ಬಿಸಿ ಗಾಳಿ ಹಿಡಿದು ಚರ್ಮದ ಸುಕ್ಕು ತೆಗೆದು, ಎಣ್ಣೆ ಒರೆಸಿ, ಮೇಸ್ತ್ರಿ ಅದನ್ನು ಹೊಸ ಮದುಮಗನ ಹಾಗೆ ಸಿಂಗರಿಸಿದ್ದ. ಡಾಕ್ಟರಿಗೆ ನೋಡಿಯೇ ಬಾಯಲ್ಲಿ ನೀರೂರಿತು. ಬಾಗಿಲು ತೆಗೆದು, ಬೆನ್ನು ತಿರುಗಿಸಿ, ಎಂದಿನಂತೆ ಮೇಲಿನಿಂದ ಬಿದ್ದರು.

ಬಿದ್ದವರು ಕಾಣಲಿಲ್ಲ. ಅಕ್ಕನ ಸೊಂಟಕ್ಕೆಂದು ಬಿಟ್ಟ ಅಗಲದಲ್ಲಿ ಡಾಕ್ಟರ ಸಣ್ಣ ಸೊಂಟ ತಳದ ತನಕ ಇಳಿದುಹೋಯಿತು. ಅಕ್ಕನ ಬೆನ್ನಿನ ಗುಳಿಗೆಂದು ಅಂಟಿಸಿದ ತುಂಡು ಡಾಕ್ಟರಿಗೆ ಹಿಂದಿನಿಂದ ಗುದ್ದಿತು. ಗುದ್ದಿದ ರಭಸಕ್ಕೆ ಹೊಟ್ಟೆ ಮುಂದೆ ಹೋಗಿ ಸ್ಟಿಯರಿಂಗಿಗೆ ಒತ್ತಿ, ಹಾರನ್ನು ಕೂಗಿಕೊಂಡಿತು. ಕೂಗುತ್ತಲೇ ಇತ್ತು. ಪಂಕ್ಚರ್ ಅಂಗಡಿಯವನು ಈ ಸಲ ಟ್ಯೂಬು ಹಿಡಿದುಕೊಂಡೇ ಓಡಿ ಬಂದ. ಅವನೂ ಮೇಸ್ತ್ರಿಯೂ ಸೇರಿ ಡಾಕ್ಟರನ್ನು ಎಳೆದು ಹೊರಗೆ ಹಾಕಿದ ಮೇಲೆ ಬೀದಿಗೆ ಶಾಂತಿ ಸಿಕ್ಕಿತು.

"ಹೊಸ ಫೋಮು ಸಾರ್" ಅಂದ ಮೇಸ್ತ್ರಿ. "ಸ್ವಲ್ಪ ದಿನ ಬಿಸಿಲಲ್ಲಿ ನಿಲ್ಲಿಸಿದ್ರೆ ಸರಿಹೋಗುತ್ತೆ."

"ಹೊಟ್ಟೆಗೂ ಬಿಸಿಲು ಕಾಯಿಸಬೇಕಾ?" ಅಂದರು ಡಾಕ್ಟರು. ಮುಖ ಕಾರಿನ ಬಣ್ಣಕ್ಕೆ ತಿರುಗಿತ್ತು. "ಯಾರ ಅಳತೆಗೆ ಮಾಡಿದ್ರಿ ಇದನ್ನ?"

ಮೇಸ್ತ್ರಿ ಆಕಾಶ ನೋಡಿದ. ಪರದೆ ಸರಿಯಿತು.

"ನನ್ನ ಅಳತೆಗೆ" ಅಂದಳು ಅಕ್ಕ.

ಡಾಕ್ಟರು ಅವಳನ್ನು ನೋಡಿದರು, ಸೀಟನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು. "ಅಲ್ಲ ಮೇಸ್ತ್ರಿ, ನೀವು ಹಲ್ಲಿನ ಸೆಟ್ ಬೇಕು ಅಂತ ಬಂದ್ರೆ ನಾನು ನಿಮ್ಮ ಹೆಂಡ್ತಿ ಬಾಯಿಂದ ಅಚ್ಚು ತೆಗೆದು ನಿಮಗೆ ಹಾಕ್ತೀನಾ?"

"ಹಾಕಿದ್ರೆ ಒಳ್ಳೇದಿತ್ತು ಡಾಕ್ಟ್ರೇ" ಅಂದ ಪಂಕ್ಚರ್ ಅಂಗಡಿಯವನು. "ಅಕ್ಕನ ಹಲ್ಲಿದ್ರೆ ಒಳ್ಳೇ ಮಾತಾದ್ರೂ ಬರುತ್ತೆ."

ಮೇಸ್ತ್ರಿಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ಮಾಡುವುದಾದರೂ ಏನು ಎಂದು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತ. ಅಕ್ಕ ಅವನ ಕೊರಳಿನಿಂದ ಆ ಟೇಪನ್ನು ಎಳೆದುಕೊಂಡಳು.

"ಡಾಕ್ಟ್ರೇ, ನೇರವಾಗಿ ನಿಂತ್ಕೊಳಿ."

ಡಾಕ್ಟರು ನೇರವಾಗಿ ನಿಂತು ಹೊಟ್ಟೆಯನ್ನು ಒಳಗೆಳೆದುಕೊಂಡರು.

"ಉಸಿರು ಬಿಡಿ. ಗಾಡಿ ಓಡಿಸೋವಾಗ ಉಸಿರಾಡ್ತೀರಲ್ಲ."

ಡಾಕ್ಟರು ಬಿಟ್ಟರು. ಎದುರಿನ ಅಂಗಡಿಯ ಬಾಗಿಲಿಗೆ ಇಬ್ಬರು ಮೂವರು ಬಂದು ನಿಂತಿದ್ದರು. ಅಕ್ಕ ಸೊಂಟ ಅಳೆದಳು, ತೊಡೆ ಅಳೆದಳು, ಬೆನ್ನಿನಿಂದ ಹೊಟ್ಟೆಯ ತುದಿಗೆ ಎಷ್ಟಿದೆ ಎನ್ನುವುದನ್ನೂ ಅಳೆದಳು. ಅಂಕಿಯನ್ನು ಕೂಗಲಿಲ್ಲ. ಒಂದೊಂದನ್ನೂ ಮೇಸ್ತ್ರಿಯ ಕಿವಿಯ ಹತ್ತಿರ ಹೋಗಿ ಹೇಳಿದಳು. ಒಂದು ಮಾತನ್ನು ಮಾತ್ರ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇನ್ನು ಮೇಲೆ ಇಳಿಯೋವಾಗ ದಿಂಬಿನ ಮೇಲೆ ಕೈ ಊರಬೇಡಿ ಡಾಕ್ಟ್ರೇ. ಅದು ಸತ್ತಿದ್ದು ಬಿಸಿಲಿಗಲ್ಲ."

ಡಾಕ್ಟರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ, "ಕಾರ್ಯಕ್ರಮದ ಹೊತ್ತಿಗೆ ಆಗುತ್ತಾ?" ಎಂದು ಮೇಸ್ತ್ರಿಯನ್ನು ಬಿಟ್ಟು ಅವಳನ್ನೇ ಕೇಳಿದರು. ಆಗುತ್ತೆ ಅಂದಳು.

ಡಾಕ್ಟರು ಹೋದ ಮೇಲೆ ಪರದೆಯ ಆಚೆಗೆ ಏನು ನಡೆಯಬೇಕೋ ಅದು ನಡೆಯಿತು. ಮಾನ ಕಳೆದೆ ಅಂದ ಮೇಸ್ತ್ರಿ. ಬೀದಿಯಲ್ಲಿ ತಲೆ ಎತ್ತದ ಹಾಗೆ ಮಾಡಿದೆ ಅಂದ. ಮೊದಲೇ ಹೇಳೋಕೆ ಏನಾಗಿತ್ತು ಅಂದ. ಹೇಳಿದ್ದೆ ಅಂದಳು. ಮೇಸ್ತ್ರಿ ಹೋಗಿ ಸೀಟನ್ನು ಬಿಚ್ಚಿ ತಂದು, ಹೊದಿಕೆ ಸುಲಿದು, ಫೋಮಿನ ಮೇಲೆ ಉದ್ದ ಚಾಕು ಇಟ್ಟ. ಅಗಲ ತುಂಬಿಸಿ, ಗುಳಿಯ ತುಂಡು ತೆಗೆದು, ಇದ್ದುದನ್ನೇ ಡಾಕ್ಟರಿಗೆ ಒಗ್ಗಿಸುವ ಲೆಕ್ಕಾಚಾರ ಅವನದ್ದು.

"ಅದನ್ನ ಮುಟ್ಟಬೇಡಿ" ಅಂದಳು ಅಕ್ಕ. "ಡಾಕ್ಟ್ರಿಗೆ ಬೇರೆ ಫೋಮು ತನ್ನಿ. ಇದು ನನ್ನ ಅಳತೆ. ನನಗಿರಲಿ."

ಮೇಸ್ತ್ರಿಗೆ ನಗು ಬಂತು. ನಿಜವಾಗಲೂ ನಗು ಬಂತು, ಅದೇ ಕೆಟ್ಟದ್ದು. "ಡಬ್ಬದ ಮೇಲೆ ಕೂರೋಳಿಗೆ ಸ್ಪೋರ್ಟ್ಸ್ ಕಾರಿನ ಫೋಮಾ?"

ಅಕ್ಕ ಜಗಳ ಆಡಲಿಲ್ಲ. ಹೋಗಿ ಡಬ್ಬದ ಮೇಲೆ ಕೂತಳು. ಮಿಷನ್ನಿನ ಪೆಡಲಿನಿಂದ ಕಾಲು ತೆಗೆದು ಪಕ್ಕಕ್ಕಿಟ್ಟಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಹೊಸ ಅಳತೆಗೆ ಹೊದಿಕೆಯ ತುಂಡುಗಳನ್ನೂ ಮತ್ತೆ ಹೊಲಿಯಬೇಕಿತ್ತು. ಚರ್ಮದ ಮೇಲೆ ಜೋಡಿ ಹೊಲಿಗೆ ಹಾಕುವ ಕೈ ಆ ಅಂಗಡಿಯಲ್ಲಿ ಇನ್ನೊಂದು ಇರಲಿಲ್ಲ. ಅದು ಮೇಸ್ತ್ರಿಗೆ ಆವರೆಗೆ ನೆನಪಿಗೆ ಬಂದೇ ಇರಲಿಲ್ಲ.

"ಹೊಲಿಯಲ್ವಾ?" ಅಂದ.

"ನಾಳೆ" ಅಂದಳು.

ಆ ನಾಳೆ ಎಂಥದ್ದು ಎಂದು ಮೇಸ್ತ್ರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದನ್ನು ಕಂಡುಹಿಡಿದವನೇ ಅವನು. ಸಂಜೆಯ ತನಕ ಗೊಣಗಿದ. ಬೆಳಿಗ್ಗೆ ಸಾಮಾನುಗಳ ರಾಶಿಯಿಂದ ಹಳೆಯ ಆಫೀಸಿನ ಕುರ್ಚಿಯೊಂದರ ಅಸ್ಥಿಪಂಜರ ಎಳೆದು ತಂದು, ಕಾಲಿಗೆ ಬೆಸುಗೆ ಹಾಕಿಸಿ, ಅಕ್ಕನ ಅಳತೆಯ ಫೋಮನ್ನು ಅದಕ್ಕೆ ಕೂರಿಸಿ, ಮೂಲೆಯಲ್ಲಿ ಬಿದ್ದಿದ್ದ ಹಸಿರು ರೆಕ್ಸಿನ್ನನ್ನು ಮೊಳೆ ಹೊಡೆದು ಬಿಗಿದ. ನೋಡುವುದಕ್ಕೆ ಚೆನ್ನಾಗಿರಲಿಲ್ಲ. ಮುಖ ಊದಿಸಿಕೊಂಡು ಮಾಡಿದ ಕೆಲಸ ಹೇಗಿರುತ್ತದೋ ಹಾಗಿತ್ತು. ಅಕ್ಕ ಅದರ ಮೇಲೆ ಕೂತಳು, ಪೆಡಲಿನ ಮೇಲೆ ಕಾಲಿಟ್ಟಳು, ಡಾಕ್ಟರ ಸೀಟು ಸರಿಯಾದ ಹೊತ್ತಿಗೆ ಮುಗಿಯಿತು. ಡಾಕ್ಟರು ಸಾಲಿನ ಮುಂದೆ ಬೆಟ್ಟಕ್ಕೆ ಹೋಗಿ ಬಂದರಂತೆ, ಹಾರನ್ನು ತಾನಾಗಿ ಕೂಗಲಿಲ್ಲವಂತೆ.

ಕತೆ ಇಲ್ಲಿಗೆ ನಿಂತಿದ್ದರೆ ಮೇಸ್ತ್ರಿ ಸೋತ ಅಂದುಕೊಳ್ಳಬಹುದಿತ್ತು. ಅಂಥವರು ಸೋಲುವುದು ಅಷ್ಟು ಸುಲಭವಲ್ಲ. ಸಂಘದ ಇನ್ನೂ ಕೆಲವರು ಕಾರು ತಂದರು. ಬಂದವರಿಗೆಲ್ಲ ಮೇಸ್ತ್ರಿ ಪರದೆ ಸರಿಸಿ ಆ ಹಸಿರು ಕುರ್ಚಿಯನ್ನು ತೋರಿಸತೊಡಗಿದ. "ಸ್ಪೋರ್ಟ್ಸ್ ಕಾರಿನ ಫೋಮು ಸಾರ್. ನನ್ನ ಹೆಂಡ್ತಿಗೆ ಬೆನ್ನುನೋವು, ನೋಡೋಕಾಗಲಿಲ್ಲ. ಅವಳನ್ನೇ ಕೂರಿಸಿ, ಎಲ್ಲಿ ನೋವಾಗುತ್ತೆ ಅಂತ ಕೇಳಿ ಕೇಳಿ ಮಾಡಿಕೊಟ್ಟೆ" ಎನ್ನುತ್ತಿದ್ದ. ಒಂದೊಂದು ಮಾತೂ ನಿಜ. ಅಷ್ಟೊಂದು ನಿಜ ಹೇಳಿ ಅಷ್ಟು ದೊಡ್ಡ ಸುಳ್ಳು ಕಟ್ಟಲು ಅವನಿಗೇ ಸಾಧ್ಯ. ಅಕ್ಕ ತಲೆ ಎತ್ತದೆ ಹೊಲಿಯುತ್ತಿದ್ದಳು. ಕುರ್ಚಿ ಸಿಕ್ಕಿದೆ, ಹೇಳಿಕೊಂಡರೆ ಹೇಳಿಕೊಳ್ಳಲಿ ಎಂದು ಬಿಟ್ಟಿದ್ದಳು.

ಆದರೆ ಒಂದು ದಿನ ಬಂದ ಗಿರಾಕಿ ಹೆಂಗಸು. ಶಾಲೆಯಲ್ಲಿ ಪಾಠ ಹೇಳುವವರು, ಸ್ಕೂಟರಿನ ಸೀಟು ಹರಿದಿದೆ ಎಂದು ತಂದಿದ್ದರು. ಮೇಸ್ತ್ರಿ ಎಂದಿನಂತೆ ಪರದೆ ಸರಿಸಿ ಹರಿಕತೆ ಶುರುಮಾಡಿದ. ಟೀಚರು ಪೂರ್ತಿ ಕೇಳಿ, ಕುರ್ಚಿಯ ಬೆನ್ನು ಮುಟ್ಟಿ ನೋಡಿ, ಅಕ್ಕನ ಕಡೆ ತಿರುಗಿದರು.

"ಪುಣ್ಯ ಮಾಡಿದ್ರಿ ನೀವು. ನಮ್ಮನೆಯವರು ನನಗೆ ಒಂದು ದಿನವೂ ಹಂಗೆ ಕೇಳಿಲ್ಲ. ಇವರು ಎಲ್ಲಿ ನೋವು ಅಂತ ದಿನಾ ಕೇಳ್ತಾರಾ?"

ಮೇಸ್ತ್ರಿ ಹೆಂಡತಿಯ ಮುಖವನ್ನೇ ನೋಡುತ್ತಾ ನಿಂತ. ಅಕ್ಕ ಸೂಜಿಯನ್ನು ಚರ್ಮದಿಂದ ಮೇಲೆತ್ತಿ, ಮಿಷನ್ನು ನಿಲ್ಲಿಸಿದಳು.

"ಡಾಕ್ಟ್ರ ಸೀಟು ಮಾಡೋವಾಗ ದಿನಾ ಕೇಳ್ತಿದ್ರು" ಅಂದಳು. "ಅದು ಮುಗಿದ ಮೇಲೆ ಕೇಳಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ, ಚುಚ್ಚಬೇಕೆಂದೂ ಹೇಳಲಿಲ್ಲ. ಮಳೆ ಬಂದಿತ್ತು, ನಿಂತಿತು ಎನ್ನುವ ಹಾಗೆ ಹೇಳಿದಳು. ಟೀಚರು ಸೀಟು ಯಾವಾಗ ಸಿಗುತ್ತದೆ ಎಂದು ಕೇಳಿಕೊಂಡು ಹೊರಟುಹೋದರು.

ಮೇಸ್ತ್ರಿ ಅಂಗಡಿಯ ಮುಂದೆ ಹೋಗಿ ನಿಂತ. ಟೇಪು ಕೊರಳಿಗೆ ಹಾಕಿದ, ತೆಗೆದ. ಆಮೇಲೆ ಒಳಗೆ ಬಂದು ಹಸಿರು ಕುರ್ಚಿಯ ಹಿಂದೆ ನಿಂತುಕೊಂಡ. ಅಕ್ಕನಿಗೆ ಅವನ ಉಸಿರು ಕೇಳುತ್ತಿತ್ತು. ಅವಳು ಪೆಡಲು ಒತ್ತದೆ ಕಾದಳು. ಇಂಥದ್ದಕ್ಕೆಲ್ಲ ಕಾಯಬಾರದು ಎಂದು ಅವಳಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು. ಆದರೂ ಕಾದಳು. ಮೇಸ್ತ್ರಿ ಬಾಯಿ ತೆರೆದ. ಗಿರಾಕಿಗಳ ಮುಂದೆ ನೀರಿನ ಹಾಗೆ ಹರಿಯುವ ನಾಲಿಗೆ ಅದು, ಒಳಗೆ ಎಲ್ಲೋ ಸಿಕ್ಕಿಕೊಂಡಿತು.

"ದಾರ ಇದ್ಯಾ?" ಅಂದ.

"ಇದೆ" ಅಂದಳು ಅಕ್ಕ, ಪೆಡಲು ಒತ್ತಿದಳು.